ಹತ್ತು ನಿಮಿಷದ ಹಾಡಿಗೂ ಒಂದೇ ಲೆಕ್ಕ!

2019ರ ಆಗಸ್ಟ್ 7ರಂದು ಟೂಲ್ ಅನ್ನೋ ಅಮೆರಿಕದ ಬ್ಯಾಂಡು 'ಫಿಯರ್ ಇನಾಕ್ಯುಲಮ್' ಅಂತ ಒಂದು ಹಾಡು ಬಿಟ್ಟಿತು. ಪ್ರೋಗ್ರೆಸಿವ್ ಮೆಟಲ್ ಕೇಳೋ ನಮ್ಮಂಥವರಿಗೆ ಅವತ್ತು ಹಬ್ಬ. ಮೆಟಲ್ ಅಂದ ತಕ್ಷಣ "ಅಯ್ಯೋ, ಆ ಕಿರುಚಾಟಾನಾ?" ಅಂತ ಮುಖ ಕಿವುಚಬೇಡಿ ಮಾರಾಯ್ರೆ. ಇದರಲ್ಲಿ ಕಿರುಚಾಟ ಇಲ್ಲ. ಲೆಕ್ಕಾಚಾರ ಇದೆ, ತಾಳ್ಮೆ ಇದೆ, ಸ್ವಲ್ಪ ಹಮ್ಮೂ ಇದೆ.

ಅದಕ್ಕೂ ಮುಂಚಿನ ಅವರ ಆಲ್ಬಮ್ '10,000 ಡೇಸ್' ಬಂದಿದ್ದು 2006ರಲ್ಲಿ. ನಾನಾಗ ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಉರು ಹೊಡೀತಿದ್ದೆ. ಮುಂದಿನದು ಬರೋ ಹೊತ್ತಿಗೆ ನನ್ನ ಇಂಜಿನಿಯರಿಂಗೇ ಮುಗಿಯೋಕೆ ಬಂದಿತ್ತು! ನಡುವಿನ 13 ವರ್ಷದಲ್ಲಿ ಕೋರ್ಟು ಕೇಸು, ಗಾಯಕ ಮೇನಾರ್ಡ್ ಜೇಮ್ಸ್ ಕೀನನ್‌ನ ಬೇರೆ ಬ್ಯಾಂಡುಗಳು, ಅರಿಜೋನಾದಲ್ಲಿ ಅವನ ದ್ರಾಕ್ಷಿ ತೋಟ, ವೈನು... ಆಲ್ಬಮ್ ಯಾವಾಗ ಅನ್ನೋದೇ ಒಂದು ಜೋಕಾಗಿಹೋಗಿತ್ತು.

ಸರಿ, ಹಾಡು ಬಂತು. ಉದ್ದ 10 ನಿಮಿಷ 20 ಸೆಕೆಂಡಿನ ಆಸುಪಾಸು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 93ನೇ ಸ್ಥಾನ ಸಿಕ್ಕಿತು. ಆ ಪಟ್ಟಿಗೆ ಅಲ್ಲೀವರೆಗೆ ಬಂದ ಅತಿ ಉದ್ದದ ಹಾಡು ಡೇವಿಡ್ ಬೋವಿಯ 'ಬ್ಲ್ಯಾಕ್‌ಸ್ಟಾರ್', 9 ನಿಮಿಷ 57 ಸೆಕೆಂಡು. ಆ ದಾಖಲೆ ಮುರೀತು. ಮುಗೀತು ನೋಡಿ, ಅಲ್ಲಿಂದ ಎಲ್ಲೆಲ್ಲೂ ಅದೇ ಸುದ್ದಿ. ಹತ್ತು ನಿಮಿಷವಂತೆ! ಹದಿಮೂರು ವರ್ಷವಂತೆ! ಹಾಡು ಹೇಗಿದೆ ಅಂತ ಕೇಳಿದವರೇ ಕಮ್ಮಿ.

ನನ್ನ ತಕರಾರು ಇರೋದು ಇಲ್ಲೇ. ಉದ್ದ ಅನ್ನೋದು ಆ ಹಾಡಿನ ವಿಶೇಷ ಅಲ್ಲವೇ ಅಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು :-) ಕಛೇರಿಯಲ್ಲಿ ರಾಗ-ತಾನ-ಪಲ್ಲವಿ ಒಂದು ಗಂಟೆ ನಡೆದರೂ ನಮ್ಮವರು ತಲೆದೂಗುತ್ತಾ ಕೂತಿರ್ತಾರೆ. ಹಾಡು ಅಂದ್ರೆ ಮೂರು ನಿಮಿಷ ಅನ್ನೋ ಲೆಕ್ಕ ಸಂಗೀತದ್ದಲ್ಲ, ತಟ್ಟೆಯದ್ದು. ಹಳೇ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡೀತಿದ್ದಿದ್ದೇ ಅಷ್ಟು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಖಯಾಲನ್ನ ಆ ಮೂರು ನಿಮಿಷಕ್ಕೆ ಇಳಿಸಿ ಹಾಡಿದರು. (ಅವರು ಕೊನೆಗಾಲ ಕಳೆದಿದ್ದು ನಮ್ಮ ಮೈಸೂರಲ್ಲಿ, ಅರಮನೆಯ ಆಶ್ರಯದಲ್ಲಿ. ತೀರಿಕೊಂಡಿದ್ದೂ ಅಲ್ಲೇ, 1930ರಲ್ಲಿ.) ತಟ್ಟೆ ಹೋಯ್ತು, ಕ್ಯಾಸೆಟ್ಟು ಹೋಯ್ತು, ಸೀಡಿಯೂ ಹೋಯ್ತು. ಮೂರು ನಿಮಿಷ ಮಾತ್ರ ಕೂತಲ್ಲೇ ಕೂತಿದೆ.

ಕೂತಿದೆ ಯಾಕೆ ಹೇಳಿ, ಈಗಂತೂ ಇನ್ನೂ ಕುಗ್ಗುತ್ತಿದೆ. ಸ್ಪಾಟಿಫೈನಲ್ಲಿ ಒಂದು ಹಾಡನ್ನ 30 ಸೆಕೆಂಡು ಕೇಳಿದ್ರೆ 'ಒಂದು' ಅಂತ ಎಣಿಕೆ. ಪೂರ್ತಿ ಹತ್ತು ನಿಮಿಷ ಕೇಳಿದ್ರೂ ಅದೇ ಒಂದು. ಕಲಾವಿದರಿಗೆ ಹಂಚೋ ದುಡ್ಡೂ ಸಲಕ್ಕೆ, ನಿಮಿಷಕ್ಕಲ್ಲ. ಅದೇ 2019ರಲ್ಲಿ ಸತತ 19 ವಾರ ಹಾಟ್ 100ರ ತುದಿಯಲ್ಲಿದ್ದ 'ಓಲ್ಡ್ ಟೌನ್ ರೋಡ್' ರೀಮಿಕ್ಸ್ ಎರಡೂವರೆ ನಿಮಿಷಕ್ಕಿಂತ ಚೂರು ಉದ್ದ, ಅಷ್ಟೇ. ಟೂಲ್ ಹಾಡು ಒಂದು ಸಲ ಮುಗಿಯೋದರಲ್ಲಿ ಅದನ್ನ ಹೆಚ್ಚುಕಮ್ಮಿ ನಾಲ್ಕು ಸಲ ಕೇಳಬಹುದು. ನಾನು ಕೋಡ್ ಬರೆದು ಹೊಟ್ಟೆ ಹೊರೆಯೋನು. ಯಾವುದನ್ನ ಎಣಿಸ್ತೀವೋ ಸಿಸ್ಟಮ್ ಅದನ್ನೇ ಹೆಚ್ಚು ಹೆಚ್ಚು ಹೆರುತ್ತೆ ಅನ್ನೋದನ್ನ ದಿನಾ ಆಫೀಸಲ್ಲಿ ನೋಡ್ತೀನಿ. ಟಿಕೆಟ್ ಎಣಿಸಿದ್ರೆ ಟಿಕೆಟ್ ಜಾಸ್ತಿ ಆಗುತ್ವೆ, ಕೆಲಸ ಅಲ್ಲ. ಹಾಗಾಗಿ ನಾಲ್ಕು ಸಲದ ಹಾಡಿನ ಎದುರು ಒಂದು ಸಲದ ಹಾಡು 93ನೇ ಸ್ಥಾನಕ್ಕೆ ಬಂತಲ್ಲ, ಅದನ್ನ ಯಾರಾದ್ರೂ ಹೇಳಿದ್ರಾ? ಊಹುಂ. ಆಗಸ್ಟ್ 2ರವರೆಗೆ ಸ್ಟ್ರೀಮಿಂಗ್ ಕಡೆಗೇ ತಲೆ ಹಾಕದೆ ಹಟ ಹಿಡಿದಿದ್ದ ಬ್ಯಾಂಡು ಬೇರೆ ಇದು.

ಅಭಿಮಾನಿಗಳೂ ಕಮ್ಮಿ ಇಲ್ಲ ಬಿಡಿ. ಆಗಸ್ಟ್ 30ಕ್ಕೆ ಅದೇ ಹೆಸರಿನ ಆಲ್ಬಮ್ ಬಂತು. ಮೊದಲ ವಾರ ಸುಮಾರು 2.7 ಲಕ್ಷ, ಅದರಲ್ಲಿ ಬಹುಪಾಲು ದುಡ್ಡು ಕೊಟ್ಟು ಕೊಂಡಿದ್ದು. ಟೇಲರ್ ಸ್ವಿಫ್ಟ್‌ಳ 'ಲವರ್' ಆಲ್ಬಮನ್ನ ಒಂದನೇ ಸ್ಥಾನದಿಂದ ಇಳಿಸಿಬಿಡ್ತು. "ಯಾರೀ ಟೂಲ್?" ಅಂತ ಅವಳ ಅಭಿಮಾನಿಗಳು ಕೇಳಿದ್ದೇ ತಡ, ನಮ್ಮವರು ಕೊಂಬು ಮೂಡಿದವರ ಹಾಗೆ ಆಡಿದರು. "ನಿಮಗೆಲ್ಲ ಇದು ಅರ್ಥ ಆಗಲ್ಲ" ಅಂತ. ನನ್ನ ಹಾಸ್ಟೆಲಿನಲ್ಲೂ ಇಬ್ಬರು ಹೀಗೇ ಆಡ್ತಿದ್ರು. ಅರ್ಥ ಆಗೋಕೆ ಅಲ್ಲೇನು ಬ್ರಹ್ಮವಿದ್ಯೆ ಇದೆ? ಪಟ್ಟಿಗೆ ಬೆಲೆ ಇಲ್ಲ ಅಂತ ವರ್ಷಗಟ್ಟಲೆ ಹೇಳ್ಕೊಂಡು ಬಂದವರು ಪಟ್ಟಿಯಲ್ಲಿ ಗೆದ್ದ ದಿನ ಕುಣಿದಿದ್ದು ನೋಡಿ ನನಗೆ ನಗು ಬಂತು. ಇನ್ನು ಆ ವಿಶೇಷ ಸೀಡಿ ಪೆಟ್ಟಿಗೆಯೊಳಗೆ ನಾಲ್ಕಿಂಚಿನ ಪುಟ್ಟ ಸ್ಕ್ರೀನು, ಸ್ಪೀಕರು, ಚಾರ್ಜ್ ಮಾಡೋ ವ್ಯವಸ್ಥೆ! ಸೀಡಿಗೆ ಅದೆಲ್ಲ ಯಾಕೆ ಅಂತ ನನಗಂತೂ ಇವತ್ತಿಗೂ ಹೊಳೆದಿಲ್ಲ.

ಹಾಡಿಗೆ ಬರ್ತೀನಿ. ಶುರುವಿನಲ್ಲಿ ಎಲ್ಲೋ ದೂರದಿಂದ ಬಂದ ಹಾಗೆ ಗಿಟಾರು ಉಬ್ಬುತ್ತೆ, ಕೆಳಗೆ ತಬಲಾ ಥರದ ಪೆಟ್ಟುಗಳು. ಅದು ಸುಮ್ಮನೆ 'ಪೂರ್ವದ ಬಣ್ಣ' ಬಳಿದಿದ್ದಲ್ಲ. ಡ್ರಮ್ಮರ್ ಡ್ಯಾನಿ ಕೇರಿ ಅಲೋಕ್ ದತ್ತ ಅವರ ಹತ್ತಿರ ತಬಲಾ ಕಲಿತವನು. ಈ ಬ್ಯಾಂಡಿಗೆ ಲಯದ ಹುಚ್ಚು ಹಳೇದು. 2001ರ ಸಿಂಗಲ್ 'ಸ್ಕಿಸಂ' ಕೇಳಿ, ಅದರ ಮುಖ್ಯ ರಿಫ್ ಐದು ಮತ್ತು ಏಳರ ಜೋಡಣೆ. ಖಂಡ ಛಾಪು, ಹಿಂದೆಯೇ ಮಿಶ್ರ ಛಾಪು ಅಂತ ಇಟ್ಕೊಳ್ಳಿ, ತೊಡೆ ಮೇಲೆ ತಾಳ ಹಾಕಿದ್ರೆ ಕೂತುಬಿಡುತ್ತೆ. ಮೃದಂಗ ಕಲಿಯೋ ಹುಡುಗನಿಗೆ ಇದು ಕಬ್ಬಿಣದ ಕಡಲೆ ಏನಲ್ಲ.

'ಫಿಯರ್ ಇನಾಕ್ಯುಲಮ್' ಅವಸರ ಮಾಡಲ್ಲ. ಬೇಸ್ ಬರುತ್ತೆ, ದನಿ ಬರುತ್ತೆ, ಭಯ ಅನ್ನೋ ಸೋಂಕನ್ನ ಮೈಯಿಂದ ಹೊರಹಾಕೋ ಮಾತು ಬರುತ್ತೆ. ಭಾರದ ಗಿಟಾರು ಬರೋದು ಕೊನೆಗೆ. ಅಲ್ಲೀವರೆಗೆ ಕಾದವನಿಗೆ ಅದು ಎದೆಗೆ ಗುದ್ದುತ್ತೆ, ಸ್ಕ್ರಾಲ್ ಮಾಡಿ ಅಲ್ಲಿಗೇ ಹಾರಿದವನಿಗೆ ಬರೀ ಸದ್ದು. "ಹಳೇ ಟೂಲೇ ಮತ್ತೆ, ಹೊಸದೇನಿಲ್ಲ" ಅಂದವರಿದ್ದಾರೆ. ಹೌದು, ಹಳೇ ಟೂಲೇ. ಆದರೆ ಸಿಂಗಲ್ ಅಂತ ಒಂದು ಚಟ್‌ಪಟಾ ತುಣುಕು ತೋರಿಸಿ, ಆಲ್ಬಮ್ಮಿನಲ್ಲಿ ಬೇರೇನೋ ಮಾರಲಿಲ್ಲವಲ್ಲ. 1992ರಲ್ಲಿ ಡ್ರೀಮ್ ಥಿಯೇಟರ್‌ನ 'ಪುಲ್ ಮಿ ಅಂಡರ್' ಎಂಟು ನಿಮಿಷದ್ದು, ವಿಡಿಯೋಗೆ ಅಂತ ಕತ್ತರಿಸಿ ಐದರೊಳಗೆ ತಂದಿದ್ರು. ಇಲ್ಲಿ ಮೊದಲು ಕೊಟ್ಟಿದ್ದೇ ಪೂರ್ತಿ ಊಟ.

ಅಂದ ಹಾಗೆ ಆ ದಾಖಲೆ ಈಗ ಅವರದ್ದಲ್ಲ. 2023ರ ನವೆಂಬರಿನಲ್ಲಿ ಆಂಡ್ರೆ 3000ನ 12 ನಿಮಿಷ ದಾಟಿದ ಕೊಳಲಿನ ತುಣುಕು 90ನೇ ಸ್ಥಾನಕ್ಕೆ ಬಂದು ಅದನ್ನ ಅಳಿಸಿತು. ಆಗಲೂ ಸುದ್ದಿ ಆಗಿದ್ದು ನಿಮಿಷವೇ. 2020ರಲ್ಲಿ ಗ್ರ್ಯಾಮಿ ಸಿಕ್ಕಿದ್ದು ಇದೇ ಆಲ್ಬಮ್ಮಿನ '7ಎಂಪೆಸ್ಟ್'ಗೆ, ಅದು 15 ನಿಮಿಷದ ಮೇಲೆ. ನನ್ನ ಕೇಳಿದ್ರೆ ಅದರಲ್ಲಿ ಗಿಟಾರು ಸ್ವಲ್ಪ ಜಾಸ್ತಿ ಮಾತಾಡುತ್ತೆ. ಪ್ರಶಸ್ತಿ ಈ ಹತ್ತು ನಿಮಿಷದ್ದಕ್ಕೇ ಹೋಗಬೇಕಿತ್ತು.