ಬಿಡುವಿನ ವೇಳೆ: ಬೆನ್ನಿಲ್ಲದ ಪೆಟ್ಟಿಗೆ

ಹಳೆಯ ವಾಲ್ವ್ ರೇಡಿಯೋದ ಬೆನ್ನನ್ನು ನೋಡಿದವರು ನಮ್ಮ ಓದುಗರಲ್ಲಿ ಇನ್ನೂ ಕೆಲವರಾದರೂ ಇದ್ದಾರು. ಮುಂದೆ ಬಟ್ಟೆ ಬಿಗಿದ ಮರದ ಮುಖ. ಹಿಂದೆ ತೂತು ಹೊಡೆದ ಒಂದು ರಟ್ಟು, ಅಷ್ಟೆ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ಯ ಕಾಲದಿಂದಲೂ ನಮ್ಮ ಹಿರಿಯರು ಸಂಗೀತ ಕೇಳಿದ್ದು ಹೆಚ್ಚಾಗಿ ಇಂಥ ಬೆನ್ನು ತೆರೆದ ಪೆಟ್ಟಿಗೆಗಳಲ್ಲಿಯೇ. ಅದು ನನಗೆ ನೆನಪಾದದ್ದು ಮಾತ್ರ ನೆರೆಯವರೊಡನೆ ಮನಸ್ತಾಪ ಬರುವ ಹೊತ್ತಿನಲ್ಲಿ.

ಅಪ್ಪಯ್ಯ ಚಳಿಗಾಲ ಕಳೆಯಲೆಂದು ಊರಿನಿಂದ ಸಚಿನ್‌ಗೆ ಬಂದಿದ್ದರು. ಭಜನೆಗೆ ಮೃದಂಗ ನುಡಿಸಿದ ಕೈ. ಈಗ ಬೆರಳು ಮಾತು ಕೇಳದು, ಕಿವಿಯೂ ಕೊಂಚ ಮಂದ. “ಬಲಗಡೆ ಮಾತ್ರ ಟಕಟಕ ಅಂತದೆ ಮಾರಾಯ, ಎಡಮುಖ ಕೇಳೋದೇ ಇಲ್ಲ” ಎಂದು ಅವರ ದೂರು. ರವೆ ಕಲಸಿ ಮೆತ್ತಿದ ಎಡಮುಖದ ಆ ಗುಂಕಾರ ಟಿವಿಯ ಸಣ್ಣ ಸ್ಪೀಕರಿಗೆ ಎಟುಕುವಂಥದ್ದಲ್ಲ. ಒಂದು ಸಬ್‌ವೂಫರ್ ಪೆಟ್ಟಿಗೆಯನ್ನು ತಂದು ಮೂಲೆಯಲ್ಲಿಟ್ಟೆ. ಗುಂಕಾರವೇನೋ ಬಂತು, ಆದರೆ ಮೃದಂಗಕ್ಕೂ ತಬಲಾಕ್ಕೂ ಸಿನಿಮಾದ ಲಾರಿಗೂ ಒಂದೇ ‘ಭೋಂ’.

ಮೂರನೆಯ ದಿನ ಪಕ್ಕದ ಮನೆಯವನು ಬಾಗಿಲು ತಟ್ಟಿದನು. ಗಂಜಾಂ ಜಿಲ್ಲೆಯಿಂದ ಬಂದು ಮಗ್ಗದಲ್ಲಿ ರಾತ್ರಿ ಪಾಳಿ ದುಡಿಯುವವನು. ಜಗಳಕ್ಕೆ ಬಂದಿರಲಿಲ್ಲ, ಕೈ ಮುಗಿದು, “ಭಾಯಿಸಾಬ್, ಸದ್ದು ಕಿವಿಗೆ ಬರುವುದಿಲ್ಲ, ಎದೆಗೆ ಬರುತ್ತದೆ” ಎಂದನು. ಅಂದಿನಿಂದ ಅಪ್ಪಯ್ಯನೇ ಪೆಟ್ಟಿಗೆಯ ಸ್ವಿಚ್ಚನ್ನು ಮುಟ್ಟಲಿಲ್ಲ. “ದುಡಿಯೋರ ನಿದ್ದೆ ಕೆಡಿಸಿ ನನಗೆಂಥ ಸಂಗೀತ?” ಎಂದುಬಿಟ್ಟರು. ನನಗೆ ಸಮಾಧಾನವಾಗಲಿಲ್ಲ.

ತಪ್ಪು ಯಾರದು? ನಮ್ಮ ಹಾಲಿನ ಅಗಲ 10 ಅಡಿ, ಉದ್ದ 15. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಓಡುತ್ತದೆ. ಎರಡು ಗೋಡೆಗಳ ನಡುವೆ ಅದು ಹೋಗಿ ಬರುವ ಲೆಕ್ಕ ಹಾಕಿದರೆ, ಅಗಲದ ದಿಕ್ಕಿನಲ್ಲಿ ಸುಮಾರು 56 ಹರ್ಟ್ಸಿನ ಸ್ವರಕ್ಕೆ ಕೋಣೆಯೇ ತೊಟ್ಟಿಲಿನಂತೆ ತೂಗುತ್ತದೆ. ಆ ಒತ್ತಡ ಅತಿ ಹೆಚ್ಚಾಗುವುದು ಗೋಡೆಯ ಬಳಿ. ಮುಚ್ಚಿದ ಪೆಟ್ಟಿಗೆ ತಗ್ಗಿನ ಸ್ವರಗಳನ್ನು ಎಲ್ಲ ದಿಕ್ಕಿಗೂ ಸಮನಾಗಿ ತಳ್ಳುತ್ತದೆ. ನಾನು ಅದನ್ನು ಇಟ್ಟದ್ದು ಆ ಬಡಪಾಯಿಯ ತಲೆದಿಂಬಿನ ಗೋಡೆಗೇ ಒತ್ತಿ!

ಬೆನ್ನಿಲ್ಲದ ಹಲಗೆಯ ರೀತಿ ಬೇರೆ. ಇದಕ್ಕೆ ‘ಓಪನ್ ಬ್ಯಾಫಲ್’ ಎಂದು ಹೆಸರು. ತಾಳೆಗರಿಯ ಬೀಸಣಿಗೆಯನ್ನು ನೆನೆಯಿರಿ. ಗಾಳಿ ಮುಂದಕ್ಕೂ ಹಿಂದಕ್ಕೂ ಬೀಸುತ್ತದೆ. ಅಂಚಿನ ಪಕ್ಕದಲ್ಲಿ ಕುಳಿತವನಿಗೆ ಬಹುಮಟ್ಟಿಗೆ ಏನೂ ಇಲ್ಲ. ಸ್ಪೀಕರಿನ ಕೋನು ಮುಂದೆ ಗಾಳಿಯನ್ನು ಒತ್ತಿದಾಗ ಹಿಂದೆ ಸೆಳೆಯುತ್ತದೆ. ಪಕ್ಕದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಎಂಬ ಇಂಜಿನಿಯರು (1935–2018) ಮನೆಯಲ್ಲಿ ಕಟ್ಟಬಹುದಾದ ಇಂಥ ಸ್ಪೀಕರುಗಳಿಗೆ ಬಹಳ ದುಡಿದವರು.

ಆದರೆ ಈ ಅಳಿಸಾಟಕ್ಕೆ ದಂಡ ತೆರಬೇಕು. 40 ಹರ್ಟ್ಸಿನ ಒಂದು ಅಲೆ 28 ಅಡಿ ಉದ್ದ. ಅದರ ಮುಂದು ಹಿಂದುಗಳನ್ನು ಬೇರ್ಪಡಿಸುವಷ್ಟು ಹಲಗೆ ಇಟ್ಟರೆ ನಾವು ಬೀದಿಯಲ್ಲಿ ಮಲಗಬೇಕು. ಒಂದು ಸ್ಥಾಯಿ ಕೆಳಗಿಳಿದು ಅದೇ ಸದ್ದು ಬರಬೇಕಾದರೆ ಮುಚ್ಚಿದ ಪೆಟ್ಟಿಗೆಯ ಕೋನು ನಾಲ್ಕರಷ್ಟು ಅಲುಗಿದರೆ ಸಾಕು. ಇಲ್ಲಿ ಎಂಟರಷ್ಟು ಅಲುಗಬೇಕು. ಆದ್ದರಿಂದಲೇ ದೊಡ್ಡ ಕೋನುಗಳು ಬೇಕು. ನಾನು 15 ಅಂಗುಲದ ಎರಡನ್ನು ಹಾಕಿದೆ. ನೆಲ ನಡುಗಿಸುವ ಸಿನಿಮಾದ ಸಿಡಿಲು ಬೇಕೆನ್ನುವವರು ಇದರ ಗೊಡವೆಗೆ ಹೋಗಬಾರದು, ಮೃದಂಗಕ್ಕೆ ಧಾರಾಳ.

18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಮೂರಡಿ ಎತ್ತರ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಆಳದ ಚೌಕಟ್ಟು. ಅದರ ನಡುಮಧ್ಯದಲ್ಲಿ ಹಲಗೆ, ಹಿಂದೆ ಮುಂದೆ ಬಯಲು. ಮಿಸ್ತ್ರಿಗೆ ಇದು ಅರ್ಥವೇ ಆಗಲಿಲ್ಲ. ನನ್ನ ಬಳಿ ದುಡ್ಡು ಸಾಲದಾಯಿತೆಂದು ತಿಳಿದು, ಪಾಪ, ಹಿಂದಿನ ಹಲಗೆಯೊಂದನ್ನು ಬಿಟ್ಟಿಯಾಗಿ ಕೊಯ್ದು ತಂದಿದ್ದನು! ಅಡಿಯಲ್ಲಿ ದಪ್ಪ ರಬ್ಬರ್ ಇಟ್ಟೆವು, ಚೌಕಟ್ಟಿನ ನಡುಕ ನೆಲಕ್ಕಿಳಿಯಬಾರದೆಂದು. ಇಂಥ ಚೌಕಟ್ಟು ಮೇಲಿನ ಸ್ವರಗಳಲ್ಲಿ ಕೊಳವೆಯಂತೆ ಊದುತ್ತದೆ. ಆದಕಾರಣ 100 ಹರ್ಟ್ಸಿನ ಆಸುಪಾಸಿನಲ್ಲಿ ಕೆಲಸವನ್ನು ಟಿವಿಯ ಸ್ಪೀಕರಿಗೆ ವಹಿಸಬೇಕು. 25ಕ್ಕಿಂತ ಕೆಳಗಿನದನ್ನು ಆಂಪ್ಲಿಫಯರಿನಲ್ಲೇ ತಡೆಯಬೇಕು, ಇಲ್ಲವಾದರೆ ಕೋನು ತೂಗಾಡಿ ಕೆಡುತ್ತದೆ. ಮೊದಲ ದಿನ ಗುಂಕಾರವೇ ಮಾಯವಾಗಿತ್ತು. ನೋಡಿದರೆ ಒಂದು ಸ್ಪೀಕರಿನ ತಂತಿಗಳನ್ನು ಅದಲುಬದಲು ಮಾಡಿದ್ದೆ. ಒಂದು ಒತ್ತುವಾಗ ಇನ್ನೊಂದು ಸೆಳೆಯುತ್ತಿತ್ತು.

ಇನ್ನು ಇಡುವ ಜಾಗ. ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಹಿಂಗೋಡೆಗೆ ಒತ್ತಿಟ್ಟರೆ ಬೀಸಣಿಗೆಯನ್ನು ಗೋಡೆಗೆ ಅಂಟಿಸಿದಂತೆ. ಒಂದಡಿಯಲ್ಲಿ ಸದ್ದು ಪೇಲವ. ಮೂರಡಿಗೆ ಜೀವ ಬಂತು. ನಾಲ್ಕಡಿಗೆ ಅಪ್ಪಯ್ಯ ಕುರ್ಚಿಯಲ್ಲೇ ತೊಡೆ ತಟ್ಟತೊಡಗಿದರು. ಪಕ್ಕದ ಗೋಡೆಯ ಸಮೀಪ ಇದ್ದರೆ ಅಡ್ಡಿಯಿಲ್ಲ, ನೆಲದಂತೆ ಅದೂ ಕನ್ನಡಿಯಾಗಿ ಒದಗುತ್ತದೆ. ಮುಖ ಮಾತ್ರ ಕೋಣೆಯ ಉದ್ದಕ್ಕೇ ಇರಬೇಕು. ನಮ್ಮಲ್ಲಿ ಒಂದು ತುದಿಗೆ ಬೀದಿ, ಇನ್ನೊಂದಕ್ಕೆ ನಮ್ಮದೇ ಅಡಿಗೆಮನೆ. ನೆರೆಮನೆಯ ಗೋಡೆ ಬೀಸಣಿಗೆಯ ಅಂಚಿಗೆ ಬಂತು. ಅಗಲದ ಆ 56ರ ತೊಟ್ಟಿಲನ್ನು ತೂಗುವವರೇ ಇಲ್ಲವಾಯಿತು.

ಒಂದು ಭಾನುವಾರ ನೆರೆಯವನನ್ನೇ ಕರೆದು, ಅವನ ಮಂಚದ ಮೇಲೆ ಮಲಗಿ ಕೇಳೆಂದೆ. “ದೂರದ ಮದುವೆಮನೆಯಂತೆ ಸ್ವಲ್ಪ ಕೇಳುತ್ತದೆ, ಎದೆಗೆ ಬರುವುದಿಲ್ಲ” ಎಂದನು. ಪೂರ್ತಿ ಮೌನವಲ್ಲ, ಹಾಗೆಂದು ಹೇಳಿದರೆ ಸುಳ್ಳಾದೀತು. ಅವನ ಪಾಳಿಯ ವಾರಗಳಲ್ಲಿ ಸಂಜೆ ನಾಲ್ಕರ ಮೇಲೆಯೇ ನಮ್ಮ ಮೃದಂಗ. ಉತ್ತರಾಯಣದ ದಿನ ಮಾಳಿಗೆ ಮಾಳಿಗೆಯ ಮೇಲೂ ಧ್ವನಿವರ್ಧಕಗಳು ಏರಿದಾಗ ನಾವಿಬ್ಬರೂ ಒಟ್ಟಿಗೇ ಕಿವಿ ಮುಚ್ಚಿಕೊಂಡೆವೆನ್ನಿ.

ಹಾಲಿನಲ್ಲಿ ನಾಲ್ಕಡಿ ಜಾಗ ಹೋಯಿತೆಂದು ನಮ್ಮ ಮನೆಯಾಕೆಯ ಅಸಮಾಧಾನ ಇದ್ದೇ ಇದೆ. ಗುಡಿಸುವಾಗ ಚೌಕಟ್ಟನ್ನು ಗೋಡೆಗೆ ಸರಿಸಿಬಿಡುತ್ತಾಳೆ. ಅಪ್ಪಯ್ಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದಾರೆ. ಕಚೇರಿಯಿಂದ ಬಂದೊಡನೆ ಅದನ್ನು ಗೆರೆಗೆ ತಂದು ನಿಲ್ಲಿಸುವುದು ನನ್ನ ಕೆಲಸ.