ಕೊಬ್ಬರಿ ಸಾಹುಕಾರರೂ ಕಾಲಯಂತ್ರವೂ

ಮೊನ್ನೆ ಅಮ್ಮಸಂದ್ರದಲ್ಲಿ ತುರುವೇಕೆರೆ ಬಸ್ಸು ಹತ್ತಿದರೆ ಪಕ್ಕದ ಸೀಟಿನ ಕೊಬ್ಬರಿ ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ‘ಬ್ಲಿಂಕ್’ ನೋಡುತ್ತಾ ಕೂತಿದ್ದರು. 2024ರಲ್ಲಿ ತೆರೆಕಂಡ ಚಿತ್ರ. ಶ್ರೀನಿಧಿ ಬೆಂಗಳೂರು ನಿರ್ದೇಶನ, ದೀಕ್ಷಿತ್ ಶೆಟ್ಟಿ ನಾಯಕ. ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಹುಡುಗ ಬೇರೆ ಕಾಲಕ್ಕೆ ಹೋಗಿಬರುತ್ತಾನೆ.

“ಅರ್ಥ ಆಗುತ್ತಾ ಸಾಹುಕಾರ್ರೇ?” ಎಂದು ಕೆಣಕಿದೆ.

“ಆಗ್ದೆ ಏನ್ ಸ್ವಾಮಿ? ನಂಗೂ ಆ ಶಕ್ತಿ ಇದ್ದಿದ್ರೆ ಹೋದ ವರ್ಷಕ್ಕೆ ಹೋಗಿ, ‘ಲೇ ದಡ್ಡ, ಈಗ್ಲೇ ಮಾರ್ಬೇಡ, ಮಾಲು ಅಟ್ಟದಲ್ಲೇ ಇರ್ಲಿ’ ಅಂತ ನನಗೆ ನಾನೇ ಹೇಳಿ ಬರ್ತಿದ್ದೆ!”

ಗಾಂಧಿನಗರದ ಮಂದಿ ಈ ಮಾತು ಕೇಳಿಸಿಕೊಳ್ಳಬೇಕಿತ್ತು. ಇಂಥ ಪಿಚ್ಚರ್ ಬೆಂಗಳೂರಿನ ಮಾಲುಗಳಿಗೇ ಸರಿ, ತಾಲ್ಲೂಕು ಊರುಗಳಿಗೆ ಹಿಡಿಸೋದಿಲ್ಲ ಎಂಬುದು ಅಲ್ಲಿನ ಹಳೇ ರಾಗ. ಅಲ್ಲ ಸ್ವಾಮಿ, ಕಾಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುವ ಜನ ನಾವು. ಒಳಗೆ ಏನಾಗುತ್ತಿದೆಯೋ ಕಾಣದು. ಅಲ್ಲಾಡಿಸಿ ಗುಡುಗುಡು ಸದ್ದು ಕೇಳಿಯೇ ತಿಳಿಯಬೇಕು. ಮಾರುವ ದಿನದ ಧಾರಣೆ ದೇವರಿಗೂ ಗೊತ್ತಿಲ್ಲ. ಇಂಥವರಿಗೆ ಸಸ್ಪೆನ್ಸ್ ಹೊಸದೇ?

1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿಐಡಿ 999 ಆಗಿ ಬಂದಾಗ ಹಳ್ಳಿಯವರು ಬೇಡವೆಂದರೆ? ಅದು ಓಡಿದ್ದಕ್ಕೇ ಮತ್ತೆ ಮತ್ತೆ 999 ಬಂದ. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ ಒಂದೂ ಹಾಡಿಲ್ಲದೆ ‘ತರ್ಕ’ ತೆಗೆದರು; ಶಂಕರ್‌ನಾಗ್ ಚಿತ್ರ, ಹಾಡು ಯಾಕಿಲ್ಲವೆಂದು ಯಾರೂ ಜಗಳ ತೆಗೆಯಲಿಲ್ಲ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬಾಟ್ ಆದರು. ರಜನಿಕಾಂತರ ‘ಎಂದಿರನ್’ ಬಂದದ್ದು 2010ರಲ್ಲಿ. ಆದರೂ ರೋಬಾಟ್ ಎಂದರೆ ಎಲ್ಲರಿಗೂ ರಜನಿಯೇ ನೆನಪು, ಇರಲಿ.

ಈಚೆಗೆ ಮತ್ತೆ ನೋಡಿದವುಗಳಲ್ಲಿ ನನಗೆ ಹಿಡಿಸಿದ್ದು ಹೇಮಂತ್ ರಾವ್ ಅವರ ‘ಕವಲುದಾರಿ’ (2019). ಮೆಟ್ರೋ ಅಗೆಯುವಾಗ ಮೂಳೆ ಸಿಗುತ್ತದೆ. ಬೆನ್ನು ಹತ್ತುವವನು ದೊಡ್ಡ ಪತ್ತೇದಾರನಲ್ಲ, ಬಿಸಿಲಲ್ಲಿ ನಿಂತು ಸೀಟಿ ಊದುವ ಟ್ರಾಫಿಕ್ ಪೊಲೀಸ್. ಆಸೆ ಪಟ್ಟ ಕೆಲಸ ಒಂದು, ಸಿಕ್ಕಿದ ಕೆಲಸ ಇನ್ನೊಂದು. ದಿನಾ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ರೈಲಿಗೆ ಓಡುವವರಿಗೆ ಇವನ ಕಷ್ಟ ಬಿಡಿಸಿ ಹೇಳಬೇಕೆ? ಅನಂತ್‌ನಾಗ್ ಬಂದ ಮೇಲಂತೂ ಅಲುಗಾಡಲು ಬಿಡುವುದಿಲ್ಲ.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಕಥೆಯೂ ಇಂಥದೇ ಸಣ್ಣ ಸಂಗತಿಯಿಂದ ಹುಟ್ಟಿದ್ದು. ಮೇಲ್ಸೇತುವೆ ಮೇಲೆ ಬೈಕಿನವರು ಮಧ್ಯದ ಕಲ್ಲು ಸರಿಸಿ ತಿರುಗಿಸಿಕೊಂಡು ಹೋಗುತ್ತಾರೆ, ಕಲ್ಲು ದಾರಿಯಲ್ಲೇ ಉಳಿಯುತ್ತದೆ. ಹೆದ್ದಾರಿಯಲ್ಲಿ ಈ ಕೆಲಸ ನೋಡದ ಬಸ್ ಪ್ರಯಾಣಿಕರು ಯಾರಿದ್ದಾರೆ? ಅದೇ ನಿರ್ದೇಶಕರ ‘ಲೂಸಿಯಾ’ (2013) ನಾಯಕ ಟಾಕೀಸಿನಲ್ಲಿ ಟಾರ್ಚು ಬಿಡುವವನು. ಅದಕ್ಕೆ ದುಡ್ಡು ಹಾಕಿದ್ದು ದೊಡ್ಡ ನಿರ್ಮಾಪಕರಲ್ಲ, ನೂರಕ್ಕೂ ಹೆಚ್ಚು ಮಾಮೂಲಿ ಪ್ರೇಕ್ಷಕರು.

ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ‘ಬ್ಲಿಂಕ್’ ಕೊನೆಕೊನೆಗೆ ಗಂಟಿನ ಮೇಲೆ ಗಂಟು ಹಾಕುತ್ತದೆ. ಉಪೇಂದ್ರರ ‘ಯುಐ’ನಲ್ಲಿ (2024) ನನಗೆ ಕಥೆಗಿಂತ ಉಪದೇಶವೇ ಜಾಸ್ತಿ ಅನ್ನಿಸಿತು. ಆದರೆ ಇದನ್ನೆಲ್ಲ ದೊಡ್ಡ ಪರದೆಯಲ್ಲಿ ಒಂದೇ ಪಟ್ಟಿಗೆ ನೋಡಿ ಬೈಯಬೇಕು. ಬಸ್ಸಿನಲ್ಲಿ ನಾಲ್ಕು ಕಂತು ಮಾಡಿ, ನಡುವೆ ಕಂಡಕ್ಟರಿಗೆ ಚಿಲ್ಲರೆ ಹುಡುಕುತ್ತಾ ನೋಡಿದರೆ ಕೊಲೆ ಮಾಡಿದವನು ಯಾರು, ಸತ್ತವನು ಯಾರು ಎಂಬುದೇ ಕಲಸಿಹೋಗುತ್ತದೆ.

ಹಂಚಿಕೆದಾರರಲ್ಲಿ ನಮ್ಮ ಕೇಳಿಕೆ ಇಷ್ಟೆ. ಇಂಥ ಚಿತ್ರ ಮೊಬೈಲಿಗೆ ಇಳಿಯುವ ಮೊದಲು ತಾಲ್ಲೂಕು ಊರಿನ ಟಾಕೀಸಿಗೆ ಎರಡೇ ದಿನ, ಶನಿವಾರ-ಭಾನುವಾರ ಕೊಟ್ಟು ನೋಡಲಿ. ಸೆಕೆಂಡ್ ಶೋ ಬೇಡ. ಅಂಗಡಿ ಮುಚ್ಚಿ ಹೋಗಿ ಕೊನೇ ಬಸ್ಸಿಗೆ ವಾಪಸು ಬರುವ ಹಾಗೆ ಸಂಜೆ ಆಟ ಇಡಲಿ. ಜನ ಬರದಿದ್ದರೆ ಆಮೇಲೆ ಹೇಳಲಿ, ನಿಮಗೆ ಅರ್ಥವಾಗೊಲ್ಲ ಅಂತ.

ಅಂದ ಹಾಗೆ ಆ ಸಾಹುಕಾರರು ಇಳಿಯುವಾಗ ಇನ್ನೂ ಅರ್ಧ ಗಂಟೆ ಚಿತ್ರ ಬಾಕಿ ಇತ್ತು. “ಕೊನೇಗೆ ಏನಾಗುತ್ತೆ ಸ್ವಾಮಿ?” ಎಂದು ಮೆಟ್ಟಿಲ ಮೇಲೆ ನಿಂತೇ ಕೇಳಿದರು. ನಾನು ಹೇಳಲಿಲ್ಲ.