ಯಾವ ಪುಟ ತೆರೆದಿದೆ?

ಕಲಾ ವಿಭಾಗದ ವಿದ್ಯಾರ್ಥಿಗೆ ಗಣಕಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ರೈತನ ಉತಾರದಿಂದ ಹಿಡಿದು ನಮ್ಮ ಅಂಕಪಟ್ಟಿಯವರೆಗೆ ಎಲ್ಲವೂ ಇಂದು ಆ ಯಂತ್ರದೊಳಗೇ ಇರುವಾಗ, ಅದರ ಒಂದು ಚಿಕ್ಕ ತಪ್ಪು ಯಾರನ್ನು ಅಲೆದಾಡಿಸುತ್ತದೆ ಎಂಬುದನ್ನು ನಾವೂ ವಿಚಾರಿಸಬೇಕಾಗಿದೆ.

ರಜೆಯಲ್ಲಿ ಜಾವಾ ಭಾಷೆಯನ್ನು ಕಲಿಯುತ್ತಿದ್ದಾಗ, ಅಭ್ಯಾಸಕ್ಕೆಂದು ಬೆಳೆ ದಾಖಲೆಯ ಪ್ರೋಗ್ರಾಮೊಂದನ್ನು ಬರೆದೆ. ಪರದೆಯ ಮೇಲಂಚಿನಲ್ಲಿ ಮೂರು ಟ್ಯಾಬುಗಳು: ರೋಣ, ನರಗುಂದ, ಗಜೇಂದ್ರಗಡ. ಯಾವುದನ್ನು ಒತ್ತುವೆವೋ ಆ ತಾಲೂಕಿನ ಪುಟ ತೆರೆಯುವುದು. ‘ಉಳಿಸು’ ಎಂದಾಗ ಯಾವ ಪುಟ ತೆರೆದಿದೆಯೆಂದು ಪ್ರೋಗ್ರಾಮು ತಿಳಿಯಬೇಕಷ್ಟೆ? ನಾನು ಸುಲಭದ ದಾರಿ ಹಿಡಿದೆ. ‘ಗೆಟ್‌ಸೆಲೆಕ್ಟೆಡ್‌ಇಂಡೆಕ್ಸ್’ ಎಂಬ ಆಜ್ಞೆಯಿಂದ ಟ್ಯಾಬಿನ ಸರತಿಯ ಸಂಖ್ಯೆಯನ್ನು ಕೇಳಿದೆ. ಅಲ್ಲಿ ಎಣಿಕೆ 0 ಯಿಂದ ಆರಂಭ: 0 ಎಂದರೆ ರೋಣ, 1 ನರಗುಂದ, 2 ಗಜೇಂದ್ರಗಡ.

ಮುಂದೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಗಜೇಂದ್ರಗಡ ಮೊದಲಾಯಿತು, ರೋಣ ಕೊನೆಗೆ ಹೋಯಿತು. ನರಗುಂದ ಮಾತ್ರ ನಡುವೆಯೇ ನಿಂತಿತ್ತು; ಅದೊಂದನ್ನೇ ಪರೀಕ್ಷಿಸಿ ಎಲ್ಲವೂ ಸರಿಯಿದೆಯೆಂದು ಹಿಗ್ಗಿದೆ! ಮರುದಿನ ನೋಡಿದರೆ, ರೋಣದ ಪುಟದಲ್ಲಿ ಬರೆದ ನಮ್ಮಪ್ಪನ ಕಡಲೆ ಬೆಳೆ ಗಜೇಂದ್ರಗಡದ ಪಾಲಾಗಿತ್ತು.

ಸಂಖ್ಯೆ ಬೇಡ, ಟ್ಯಾಬಿನ ಮೇಲಿನ ಹೆಸರನ್ನು ನೋಡಿದರೆ? ಅದೂ ಸಾಲದು. ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ಬದಲಿಸಿದ ಗಳಿಗೆಯೇ ಹೋಲಿಕೆ ತಪ್ಪುತ್ತದೆ. ಕನ್ನಡ ಬಂದರೆ ಕೆಡುವ ಪ್ರೋಗ್ರಾಮು ನಮಗೇತಕ್ಕೆ? ನನ್ನ ಮತದಲ್ಲಿ ಸರಿಯಾದ ದಾರಿಯೆಂದರೆ, ‘ಗೆಟ್‌ಸೆಲೆಕ್ಟೆಡ್‌ಕಾಂಪೊನೆಂಟ್’ ಎಂಬ ಆಜ್ಞೆಯಿಂದ ತೆರೆದ ಪುಟವನ್ನೇ ಪಡೆದು, ಅದು ನಾವು ರೋಣಕ್ಕೆಂದು ನಿರ್ಮಿಸಿದ ಪುಟವೇ ಎಂದು ನೋಡುವುದು. ಸಾಲು ಬದಲಾದರೂ ಹೆಸರು ಬದಲಾದರೂ ಆ ಪುಟ ಬದಲಾಗದು. ಯಾವ ಟ್ಯಾಬೂ ಆಯ್ಕೆಯಾಗಿರದಿದ್ದರೆ ‘ನಲ್’ ಎಂಬ ಬರಿಗೈ ಉತ್ತರ ಬರುತ್ತದೆ. ಆಗ ಪ್ರೋಗ್ರಾಮು ಊಹೆಗೆ ಇಳಿಯದೆ, ಏನನ್ನೂ ಬರೆಯದೆ ನಿಲ್ಲಬೇಕು.

ಸ್ಥಾನಗಳು ಬದಲಾಗುತ್ತಲೇ ಇರುತ್ತವೆ. ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ಊರುಗಳು 1997ರಲ್ಲಿ ಗದಗ ಜಿಲ್ಲೆಗೆ ಸೇರಿದವು; ರೋಣ ತಾಲೂಕಿನಲ್ಲಿದ್ದ ಗಜೇಂದ್ರಗಡ ಮುಂದೆ ತಾನೇ ತಾಲೂಕಾಯಿತು. ಹೊಲ ಮಾತ್ರ ಇದ್ದಲ್ಲೇ ಇದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ತಪ್ಪು ನನಗೆ ಎರಡು ಸಾಲಿನ ತಿದ್ದುಪಡಿ. ನಿಜವಾದ ದಾಖಲೆಯಲ್ಲಿ ಆಗಿದ್ದರೆ ಓದು ಬಾರದ ನಮ್ಮಪ್ಪನಿಗೆ ಅದು ಹಲವು ದಿನಗಳ ಅಲೆದಾಟ. ಗೆಳೆಯರೆ, ನಾಳೆ ನಮ್ಮಲ್ಲಿ ಕೆಲವರು ಇಂಥ ಯಂತ್ರಗಳ ಮುಂದೆ ಕುಳಿತುಕೊಳ್ಳುವವರಿದ್ದೇವೆ. ಆಗ ಎದುರಿಗೆ ನಿಂತವನು ಸಾಲಿನಲ್ಲಿ ಎಷ್ಟನೆಯವನೆಂದು ಕೇಳುವ ಮೊದಲು ಯಾರೆಂದು ಕೇಳೋಣ.